ಲೈಸೆನ್ಸ್ ಹೋದ್ರೂ ಗಾಡಿ ಸ್ಟಾರ್ಟ್ ಆಗತ್ತೆ

ಕರೆಂಟ್ ಬಿಲ್ ಕಟ್ಟದೇ ಇದ್ರೆ ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಾರೆ, ದೀಪ ಆರತ್ತೆ, ಅಲ್ಲಿಗೆ ಮುಗೀತು. ಲೈಸೆನ್ಸ್ ಸಸ್ಪೆಂಡ್ ಆದ್ರೆ ಹಾಗೇನೂ ಆಗಲ್ಲ. ಕೀ ತಿರುಗಿಸಿದ್ರೆ ಇಂಜಿನ್ ನಿನ್ನೆ ಹೇಗೆ ಸ್ಟಾರ್ಟ್ ಆಗಿತ್ತೋ ಇವತ್ತೂ ಹಾಗೇ ಆಗತ್ತೆ, ಎಷ್ಟೋ ಸಲ ಕಾರ್ಡ್ ಕೂಡ ಪರ್ಸಲ್ಲೇ ಇರತ್ತೆ, ಫೋಟೋ ಅದೇ, ವ್ಯಾಲಿಡಿಟಿ ಡೇಟ್ ಇನ್ನೂ ಎಷ್ಟೋ ವರ್ಷ ಇದೆ. ಬದಲಾಗಿರೋದು ಯಾವ್ದೋ ಸರ್ವರ್‌ನಲ್ಲಿ ಒಂದು ಸಾಲು, ಫೈಲಲ್ಲಿ ಒಂದು ಆರ್ಡರ್, ಅಷ್ಟೇ. ಹಾಗಾಗಿ ಜನ ಓಡಿಸ್ತಾರೆ. ಓಡಿಸೋರೆಲ್ಲ ಕೇಡಿಗಳು ಅಂತ ನಾನು ಹೇಳ್ತಿಲ್ಲ, ಆದ್ರೆ ಓಡಿಸಿದ್ರೆ ಏನಾಗತ್ತೆ ಅನ್ನೋದರ ಬಗ್ಗೆ ಎಲ್ಲರ ತಲೇಲೂ ಇರೋ ಲೆಕ್ಕ ಒಂದೇ, ಸಿಕ್ಕಿಬಿದ್ರೆ ಫೈನ್ ಕಟ್ಟಿದ್ರಾಯ್ತು ಬಿಡಿ ಅಂತ. ಆ ಲೆಕ್ಕ ಎಲ್ಲೆಲ್ಲಿ ತಪ್ಪತ್ತೆ ಅಂತ ಬರೀಬೇಕು ಅಂತ ತುಂಬ ದಿನದಿಂದ ಅಂದ್ಕೊಂಡಿದ್ದೆ.

ಮೊದಲು ಇದು ಎಂಥಾ ಅಪರಾಧ ಅಂತ ನೋಡಿ. ಸ್ಪೀಡಾಗಿ ಹೋದ್ರೆ, ಕುಡಿದು ಓಡಿಸಿದ್ರೆ, ಸಿಗ್ನಲ್ ಜಂಪ್ ಮಾಡಿದ್ರೆ ಅದು ಓಡಿಸೋ ರೀತಿಗೆ ಸಂಬಂಧಪಟ್ಟ ತಪ್ಪು. ಇದು ಅದಲ್ಲ. ನೀವು ಮೂವತ್ತರ ಸ್ಪೀಡಲ್ಲಿ, ಬೆಲ್ಟ್ ಹಾಕ್ಕೊಂಡು, ಪ್ರತಿ ತಿರುವಲ್ಲೂ ಇಂಡಿಕೇಟರ್ ಹಾಕಿ ಒಬ್ಬರಿಗೂ ತೊಂದ್ರೆ ಕೊಡದೆ ಹೋಗಿದ್ರೂ ಇದು ಅಪರಾಧವೇ, ಯಾಕಂದ್ರೆ ಇಲ್ಲಿ ಮುರಿದಿರೋದು ರಸ್ತೆ ನಿಯಮ ಅಲ್ಲ, ಓಡಿಸಬೇಡ ಅಂತ ಕೊಟ್ಟ ಆದೇಶ. ಮಾಮೂಲಿ ಟ್ರಾಫಿಕ್ ತಪ್ಪಿಗೆ ಬರೀ ಫೈನ್ ಹಾಕೋ ಎಷ್ಟೋ ದೇಶಗಳು ಇದಕ್ಕೆ ಮಾತ್ರ ಜೈಲಿನ ಬಾಗಿಲು ತೆರೆದಿಟ್ಟಿರೋದು ಇದೇ ಕಾರಣಕ್ಕೆ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 182. ಅನರ್ಹ ಆದವನು, ಅಂದ್ರೆ ಲೈಸೆನ್ಸ್ ಇಟ್ಕೊಳ್ಳೋ ಹಾಗಿಲ್ಲ ಅಂತ ಆದೇಶ ಆದವನು, ಗಾಡಿ ಓಡಿಸಿದ್ರೆ 3 ತಿಂಗಳವರೆಗೆ ಜೈಲು, ಇಲ್ಲಾ 10,000 ರೂಪಾಯಿ ದಂಡ, ಇಲ್ಲಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಈ ದಂಡ ಹೆಚ್ಚಂದ್ರೆ 500 ರೂಪಾಯಿ ಇತ್ತು, ಈ 'ಫೈನ್ ಕಟ್ಟಿದ್ರಾಯ್ತು' ಅನ್ನೋ ಮನಸ್ಥಿತಿ ಆ ಐನೂರರ ಕಾಲದ್ದೇ ಅಂತ ನನ್ನ ಗುಮಾನಿ. ಇನ್ನೊಂದು ವಿಷಯ ಯಾರೂ ಗಮನಿಸಲ್ಲ, ಅದೇ ಸೆಕ್ಷನ್ ಪ್ರಕಾರ ಅನರ್ಹ ಆಗಿರುವಾಗ ಹೊಸ ಲೈಸೆನ್ಸಿಗೆ ಅರ್ಜಿ ಹಾಕೋದೂ ಅಪರಾಧ, ಹೆಂಗೋ ಮಾಡಿ ಹೊಸದು ತಗೊಂಡ್ರೂ ಅದಕ್ಕೆ ಬೆಲೆ ಇಲ್ಲ. ಇದು ಹೋಯ್ತು, ಬೇರೆ ಕಡೆ ಇನ್ನೊಂದು ಮಾಡಿಸ್ಕೊಳ್ಳೋಣ ಅನ್ನೋ ಐಡಿಯಾ ಕೊಡೋರು ಇರ್ತಾರಲ್ಲ, ಅವರು ನಿಮ್ಮನ್ನ ಎರಡನೇ ಅಪರಾಧಕ್ಕೆ ಕಳಿಸ್ತಿದಾರೆ. ಇಂಗ್ಲೆಂಡಲ್ಲಿ 1988ರ ರೋಡ್ ಟ್ರಾಫಿಕ್ ಆಕ್ಟ್, ಸೆಕ್ಷನ್ 103, ಅಲ್ಲಿ 6 ತಿಂಗಳವರೆಗೆ ಜೈಲು, ದಂಡಕ್ಕೆ ಮೇಲ್ಮಿತಿಯೇ ಇಲ್ಲ. ಜರ್ಮನಿಯಲ್ಲಿ ಒಂದು ವರ್ಷದವರೆಗೆ, ಬೇಕಂತ ಮಾಡಿಲ್ಲ ಅಜಾಗರೂಕತೆಯಿಂದ ಆಯ್ತು ಅಂತಾದ್ರೂ 6 ತಿಂಗಳವರೆಗೆ ಹಾಕಬಹುದು.

ಸಸ್ಪೆಂಡ್, ಕ್ಯಾನ್ಸಲ್ ಎರಡೂ ಒಂದೇ ಅಂದ್ಕೊಂಡಿರೋರು ತುಂಬ ಜನ. ಸಸ್ಪೆಂಡ್ ಅಂದ್ರೆ ಒಂದು ಅವಧಿ ಇರತ್ತೆ, ಕ್ಯಾನ್ಸಲ್ ಅಂದ್ರೆ ಲೈಸೆನ್ಸೇ ಸತ್ತು ಹೋಯ್ತು, ಹೊಸದಾಗಿ ಶುರು ಮಾಡ್ಬೇಕು. ಭಾರತದಲ್ಲಿ ಪೊಲೀಸರು ಕೆಲವು ಅಪರಾಧಗಳಿಗೆ ಲೈಸೆನ್ಸ್ ವಶಕ್ಕೆ ತಗೊಂಡು ಲೈಸೆನ್ಸಿಂಗ್ ಅಥಾರಿಟಿಗೆ ಕಳಿಸಿದಾಗ, ಅವರು ನಿಮ್ಮ ಮಾತು ಕೇಳಿ, ಕಾರಣ ಬರೆದು, ಮೊದಲ ಸಲಕ್ಕೆ 3 ತಿಂಗಳು ಅನರ್ಹ ಮಾಡಬಹುದು, ಮತ್ತೆ ಅದೇ ಆದ್ರೆ ರದ್ದೇ ಮಾಡಬಹುದು. ಇಂಗ್ಲೆಂಡಿನ ಕಥೆ ಸ್ವಲ್ಪ ವಿಚಿತ್ರ. ಅಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾದ ಮೊದಲ 2 ವರ್ಷದಲ್ಲಿ 6 ಪೆನಾಲ್ಟಿ ಪಾಯಿಂಟ್ (ತಪ್ಪು ಮಾಡಿದಾಗ ಲೈಸೆನ್ಸ್ ಲೆಕ್ಕಕ್ಕೆ ಬೀಳೋ ಅಂಕ) ಬಿದ್ರೆ ಲೈಸೆನ್ಸ್ ತಾನಾಗೇ ರದ್ದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸಿದ್ದಕ್ಕೆ 2017ರಿಂದ ಒಂದೇ ಏಟಿಗೆ 6 ಪಾಯಿಂಟ್, ಅಂದ್ರೆ ಹೊಸ ಡ್ರೈವರ್ ಒಂದು ಮೆಸೇಜ್ ನೋಡಿ ಸಿಕ್ಕಿಬಿದ್ರೂ ಥಿಯರಿ ಪರೀಕ್ಷೆಯಿಂದ ಮತ್ತೆ ಶುರು. ಆದ್ರೆ ಹೀಗೆ ರದ್ದಾದವನು ಓಡಿಸಿದ್ರೆ ಅದು ಸೆಕ್ಷನ್ 103ಕ್ಕೆ ಬರಲ್ಲ, ಲೈಸೆನ್ಸ್ ಇಲ್ಲದೇ ಓಡಿಸಿದ ಹಗುರವಾದ ಕೇಸ್ ಆಗತ್ತೆ, ಜೈಲಿಲ್ಲ. ಅದೇ ಕೋರ್ಟ್ ಬ್ಯಾನ್ ಮಾಡಿದವನು ಓಡಿಸಿದ್ರೆ ಜೈಲಿನ ದಾರಿ. ಹೆಸರು ನೋಡಿದ್ರೆ ರದ್ದಾಗೋದೇ ದೊಡ್ಡದು ಅನ್ಸತ್ತೆ, ಶಿಕ್ಷೆ ನೋಡಿದ್ರೆ ಉಲ್ಟಾ. ಯಾಕಂದ್ರೆ ಆ ಕಾನೂನು ನೋಡ್ತಿರೋದು ಆದೇಶ ಯಾರದ್ದು, ಯಾತಕ್ಕೆ ಕೊಟ್ಟಿದ್ದು ಅಂತ.

ಈ 'ಯಾತಕ್ಕೆ ಕೊಟ್ಟಿದ್ದು' ಅನ್ನೋದನ್ನ ಎಲ್ಲ ಕಾನೂನೂ ಕೇಳಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ.

ಭಾರತದ ಕಾಯ್ದೇಲಿ ಹೆಲ್ಮೆಟ್ ಇಲ್ಲದೇ ಸಿಕ್ಕವನಿಗೆ 1,000 ರೂಪಾಯಿ ದಂಡದ ಜೊತೆ 3 ತಿಂಗಳ ಅನರ್ಹತೆ ಇದೆ, ಬೈಕಲ್ಲಿ ಮೂರು ಜನ ಹೋದ್ರೂ ಅಷ್ಟೇ. ಕುಡಿದು ಓಡಿಸಿದವನ, ರಸ್ತೇಲಿ ರೇಸ್ ಮಾಡಿದವನ ಲೈಸೆನ್ಸೂ ಅದೇ ದಾರೀಲಿ ಅದೇ ಅಥಾರಿಟಿ ಮುಂದೆ ಹೋಗತ್ತೆ. ಹೆಲ್ಮೆಟ್ ಹಾಕ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಬ್ಬ ತನ್ನ ತಲೆಗೆ ಅಪಾಯ ತಂದ್ಕೊಂಡ, ಇನ್ನೊಬ್ಬ ಬೇರೆಯವರ ತಲೆಗೆ ತಂದ. ಇಬ್ಬರೂ ಮಾರನೇ ವಾರ ಗಾಡಿ ತಗೊಂಡು ಹೊರಟ್ರೆ ಇಬ್ಬರದ್ದೂ ಸೆಕ್ಷನ್ 182.

ಇದರ ಅತಿರೇಕ ನೋಡ್ಬೇಕಂದ್ರೆ ಅಮೆರಿಕ. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಲೈಸೆನ್ಸ್ ಸಸ್ಪೆಂಡ್ ಮಾಡೋದು ಸಾಲ ವಸೂಲಿಯ ಅಸ್ತ್ರ ಆಗಿ ಕೂತಿತ್ತು, ಕೆಲವು ಕಡೆ ಇವತ್ತಿಗೂ ಇದೆ. ಕೋರ್ಟ್ ಫೈನ್ ಬಾಕಿ ಇದ್ರೆ ಸಸ್ಪೆಂಡ್, ಹಿಯರಿಂಗಿಗೆ ಹೋಗಿಲ್ಲ ಅಂದ್ರೆ ಸಸ್ಪೆಂಡ್, ಮಕ್ಕಳ ಜೀವನಾಂಶ ಬಾಕಿ ಇಟ್ಟೋರ ಲೈಸೆನ್ಸ್ ಸಸ್ಪೆಂಡ್ ಮಾಡೋ ವ್ಯವಸ್ಥೆ ಇರಲೇಬೇಕು ಅಂತ 1996ರಲ್ಲಿ ಫೆಡರಲ್ ಕಾನೂನೇ ರಾಜ್ಯಗಳಿಗೆ ಹೇಳಿತ್ತು. ಟೆಕ್ಸಸ್‌ನಲ್ಲಿ 2003ರಲ್ಲಿ ಒಂದು ಯೋಜನೆ ತಂದ್ರು, ಕೋರ್ಟಲ್ಲಿ ಫೈನ್ ಕಟ್ಟಿದ ಮೇಲೂ ಮೂರು ವರ್ಷ ಪ್ರತಿ ವರ್ಷ ಸರ್‌ಚಾರ್ಜ್ ಕಟ್ಬೇಕು, ಕಟ್ಟದಿದ್ರೆ ಲೈಸೆನ್ಸ್ ಸಸ್ಪೆಂಡ್. ಸಸ್ಪೆಂಡ್ ಆಗಿದ್ದಾಗ ಓಡಿಸಿ ಸಿಕ್ಕಿಬಿದ್ರೆ? ಅದಕ್ಕೂ ವರ್ಷಕ್ಕೆ 250 ಡಾಲರ್, ಮೂರು ವರ್ಷ. ಇನ್ನೂರೈವತ್ತು ಕಟ್ಟೋಕಾಗದೇ ಸಸ್ಪೆಂಡ್ ಆದವನು ಕೆಲಸಕ್ಕೆ ಹೋಗೋಕೆ ಓಡಿಸಿದ್ದಕ್ಕೆ ಮತ್ತೆ ಇನ್ನೂರೈವತ್ತು. ಇದನ್ನ ಕೂತು ಡಿಸೈನ್ ಮಾಡಿದವರು ಒಂದು ಸಲ ಪೇಪರ್ ಮೇಲೆ ಬಾಣ ಎಳೆದು ನೋಡಿದ್ರೂ ಸಾಕಿತ್ತು. ಕೊನೆಗೆ 2019ರಲ್ಲಿ ರದ್ದು ಮಾಡಿದ್ರು. ಕ್ಯಾಲಿಫೋರ್ನಿಯಾ ಫೈನ್ ಕಟ್ಟದ್ದಕ್ಕೆ ಸಸ್ಪೆಂಡ್ ಮಾಡೋದನ್ನ 2017ರಲ್ಲೇ ನಿಲ್ಲಿಸಿತು, 2020ರ ಕೊನೇ ದಿನ ನ್ಯೂಯಾರ್ಕಲ್ಲೂ ಅಂಥದ್ದೇ ಸುಧಾರಣೆಗೆ ಗವರ್ನರ್ ಸಹಿ ಬಿತ್ತು.

ಫ್ಲೋರಿಡಾದ ಏಣಿ ಇನ್ನೂ ಕಡಿದು. ಗೊತ್ತಿದ್ದೂ ಸಸ್ಪೆಂಡೆಡ್ ಲೈಸೆನ್ಸಲ್ಲಿ ಓಡಿಸಿದ್ರೆ ಮೊದಲ ಸಲ 60 ದಿನದವರೆಗೆ ಜೈಲು, ಎರಡನೇ ಸಲ ಒಂದು ವರ್ಷದವರೆಗೆ. ಐದು ವರ್ಷದೊಳಗೆ ಮೂರು ಸಲ ಶಿಕ್ಷೆ ಆಯ್ತು ಅಂದ್ರೆ ನಿಮ್ಮನ್ನ 'ಹ್ಯಾಬಿಚುಯಲ್ ಟ್ರಾಫಿಕ್ ಅಫೆಂಡರ್' ಅಂತ ಘೋಷಿಸಿ 5 ವರ್ಷ ಲೈಸೆನ್ಸ್ ಕಿತ್ಕೊಳ್ತಾರೆ, ಆ ಐದು ವರ್ಷದಲ್ಲಿ ಓಡಿಸಿ ಸಿಕ್ಕಿದ್ರೆ ಅದು ಫೆಲನಿ, ಅಂದ್ರೆ ಘೋರ ಅಪರಾಧಗಳ ಪಟ್ಟೀಲಿ ಬರತ್ತೆ, 5 ವರ್ಷದವರೆಗೆ ಜೈಲು. ಕುಡಿದು ಓಡಿಸಿ ಮೂರು ಸಲ ಶಿಕ್ಷೆ ಆದವನೂ ಇದೇ ಲಿಸ್ಟಿಗೇ ಬರ್ತಾನೆ. ಏಣಿಯ ಮೊದಲ ಮೆಟ್ಟಿಲು ಯಾವುದಿತ್ತು ಅಂತ ತುದೀಲಿ ನಿಂತವನನ್ನ ಯಾರೂ ಕೇಳಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಲ್ಲೂ ಹೀಗೇ 'ಹ್ಯಾಬಿಚುಯಲ್' ಅಂತ ಘೋಷಣೆ ಮಾಡೋ ಪದ್ಧತಿ ಇತ್ತು, 2017ರಲ್ಲಿ ಅದನ್ನ ತೆಗೆದುಹಾಕಿದ್ರು.

ಈ ಗೊಂದಲವನ್ನ ಕೋರ್ಟುಗಳು ನೋಡಿಲ್ಲ ಅಂತಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1971ರ ಬೆಲ್ ವಿರುದ್ಧ ಬರ್ಸನ್ ಅನ್ನೋ ಕೇಸ್ ಓದಿದ್ರೆ ಗೊತ್ತಾಗತ್ತೆ. ಜಾರ್ಜಿಯಾ ರಾಜ್ಯದ ಒಬ್ಬ ಪಾದ್ರಿ, ಮೂರು ಹಳ್ಳಿಗಾಡಿನ ಸಭೆಗಳನ್ನ ನೋಡ್ಕೊಳ್ಳೋಕೆ ಕಾರು ಬೇಕೇ ಬೇಕು, ಐದು ವರ್ಷದ ಮಗು ಸೈಕಲ್ ಹೊಡ್ಕೊಂಡು ಬಂದು ಅವರ ಕಾರಿನ ಪಕ್ಕಕ್ಕೆ ಗುದ್ದಿತು. ಅವರಿಗೆ ಇನ್ಶೂರೆನ್ಸ್ ಇರಲಿಲ್ಲ. ಆಗಿನ ಕಾನೂನು ಏನಂದ್ರೆ ತಪ್ಪು ಯಾರದ್ದು ಅಂತ ನೋಡೋದೇ ಇಲ್ಲ, ಆ ಕಡೆಯವರು ಕೇಳಿದ ಪರಿಹಾರಕ್ಕೆ ಸೆಕ್ಯುರಿಟಿ ಇಡಿ, ಇಲ್ಲಾಂದ್ರೆ ಲೈಸೆನ್ಸ್ ಸಸ್ಪೆಂಡ್. ಸುಪ್ರೀಂ ಕೋರ್ಟ್ ಇದು ಆಗಲ್ಲ ಅಂತು, ಒಂದ್ಸಲ ಕೊಟ್ಟ ಮೇಲೆ ಲೈಸೆನ್ಸ್ ಹೊಟ್ಟೆಪಾಡಿನ ವಿಷಯ ಆಗಿರತ್ತೆ, ವಿಚಾರಣೆ ಇಲ್ಲದೇ ಕಿತ್ಕೊಳ್ಳೋ ಹಾಗಿಲ್ಲ ಅಂತ. ಆದ್ರೆ 1979ರಲ್ಲಿ ಇನ್ನೊಂದು ಕೇಸಲ್ಲಿ, ಉಸಿರು ಪರೀಕ್ಷೆಗೆ ಒಪ್ಪದ ಡ್ರೈವರಿನ ಲೈಸೆನ್ಸನ್ನ ಮೊದಲು 90 ದಿನ ಸಸ್ಪೆಂಡ್ ಮಾಡಿ ಆಮೇಲೆ ವಿಚಾರಣೆ ಮಾಡಿದ್ರೂ ನಡೆಯತ್ತೆ ಅಂತ ಅದೇ ಕೋರ್ಟ್ ಹೇಳಿತು. ನನಗೆ ಎರಡೂ ಸರಿ ಅನ್ಸತ್ತೆ. ಕುಡಿದಿರಬಹುದಾದವನನ್ನ ರಸ್ತೆಯಿಂದ ಮೊದಲು ಇಳಿಸಿ, ದುಡ್ಡಿನ ವಿಷಯ ಆದ್ರೆ ಮೊದಲು ಕೂರಿಸಿ ಮಾತಾಡಿ.

ಇನ್ನು 'ನನಗೆ ಗೊತ್ತೇ ಇರಲಿಲ್ಲ' ಅನ್ನೋ ವಿಷಯ. ಇದು ಸುಳ್ಳೇ ಇರ್ಬೇಕು ಅಂತ ನಾನೂ ಅಂದ್ಕೊಂಡಿದ್ದೆ, ಪರಿಚಯದವರೊಬ್ಬರ ಕೇಸ್ ನೋಡೋ ತನಕ. ಅವರು ಮನೆ ಬದಲಾಯಿಸಿದ್ರು, ಲೈಸೆನ್ಸಲ್ಲಿ ಹಳೇ ಅಡ್ರೆಸ್ಸೇ ಇತ್ತು, ಶೋಕಾಸ್ ನೋಟಿಸ್ ಹಳೇ ಮನೆಗೆ ಹೋಗಿ, ಅಲ್ಲಿದ್ದ ಹೊಸ ಬಾಡಿಗೆಯವರು ಪಾಪ ಬಿಸಾಡದೇ ಮೀಟರ್ ಬಾಕ್ಸ್ ಮೇಲೆ ಇಟ್ಟಿದ್ರು, ಬೇರೆ ಕಾಗದಗಳ ಜೊತೆ. ಕವರ್ ತಂದು ಒಡೆದಾಗ ಉತ್ತರ ಕೊಡೋಕೆ ಇದ್ದ ದಿನ ದಾಟಿತ್ತು, ಒಳಗಿನ ಹಾಳೇಲಿ ಅವರ ಹೆಸರು, ಗಾಡಿ ನಂಬರ್, ವಿಚಾರಣೆಯ ತಾರೀಖು ಎಲ್ಲಾ ಅಚ್ಚುಕಟ್ಟಾಗಿ ಟೈಪ್ ಆಗಿತ್ತು. "ಮತ್ತೆ ಇಷ್ಟು ದಿನ ನಾನು ಓಡಿಸಿದ್ದು ಏನು ಲೆಕ್ಕ ಸಾರ್?" ಅಂತ ಕೇಳಿದ್ರು. ಒಳ್ಳೇ ಪ್ರಶ್ನೆ, ಉತ್ತರ ಎಲ್ಲಾ ಕಡೆ ಒಂದೇ ಅಲ್ಲ. ಫ್ಲೋರಿಡಾ ಥರದ ಕಡೆ ಗೊತ್ತಿದ್ದೂ ಓಡಿಸಿದ್ದಕ್ಕೆ ಶಿಕ್ಷೆ ಹೆಚ್ಚು, ಗೊತ್ತಿಲ್ಲದೇ ಓಡಿಸಿದ್ರೆ ಕಡಿಮೆ. ಇಂಗ್ಲೆಂಡಲ್ಲಿ ಕೋರ್ಟ್ ಬ್ಯಾನ್ ಇದ್ದಾಗ ಓಡಿಸಿದ್ರೆ ಗೊತ್ತಿರಲಿಲ್ಲ ಅನ್ನೋದು ಡಿಫೆನ್ಸೇ ಅಲ್ಲ, ಶಿಕ್ಷೆ ಎಷ್ಟು ಅನ್ನೋವಾಗ ಬೇಕಾದ್ರೆ ಹೇಳ್ಕೊಬಹುದು. ಭಾರತದಲ್ಲಿ ಅಥಾರಿಟಿಯ ಅನರ್ಹತೆ ಆದೇಶದ ಮೇಲೆ 30 ದಿನದೊಳಗೆ ಅಪೀಲ್ ಹೋಗಬಹುದು, ಆದ್ರೆ ಕಾಗದ ಮೀಟರ್ ಬಾಕ್ಸ್ ಮೇಲಿದ್ರೆ ಅಪೀಲ್ ಎಲ್ಲಿಂದ ಹೋಗೋದು. ಅಡ್ರೆಸ್ ಅಪ್‌ಡೇಟ್ ಮಾಡೋದು ಬೋರಿಂಗ್ ಕೆಲಸ, ನಾನೂ ಮುಂದೂಡೋನೇ, ಆದ್ರೆ ಈ ಒಂದು ವಿಷಯದಲ್ಲಿ ಮುಂದೂಡೋದು ದುಬಾರಿ.

ಸಿಕ್ಕಿಬೀಳೋದು ಹೇಗೆ ಅಂತ ಕೇಳಿದ್ರೆ, ಹಿಂದೆ ತಪಾಸಣೆಯಲ್ಲಿ ನಿಲ್ಲಿಸಿ ಕೇಳಿದ್ರೆ ಮಾತ್ರ ಸಿಕ್ಕಿಬೀಳ್ತಿದ್ರು, ಈಗ ನಂಬರ್ ಪ್ಲೇಟೇ ಮಾತಾಡತ್ತೆ. 2020ರ ಏಪ್ರಿಲಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾನ್ಸಸ್ ವಿರುದ್ಧ ಗ್ಲೋವರ್ ಅನ್ನೋ ಕೇಸಲ್ಲಿ ತೀರ್ಪು ಕೊಡ್ತು. ಒಬ್ಬ ಪೊಲೀಸ್ ಅಧಿಕಾರಿ ಸುಮ್ಮನೆ ಹೋಗ್ತಿದ್ದ ಪಿಕಪ್ ಗಾಡಿಯ ನಂಬರ್ ಹಾಕಿ ನೋಡಿದ್ರು, ಓನರ್ ಲೈಸೆನ್ಸ್ ರದ್ದಾಗಿದೆ ಅಂತ ಬಂತು, ಯಾವ ಟ್ರಾಫಿಕ್ ತಪ್ಪೂ ಕಾಣದೇ ಇದ್ರೂ, ಒಳಗೆ ಕೂತಿರೋದು ಯಾರು ಅಂತ ನೋಡದೇನೂ ಗಾಡಿ ನಿಲ್ಲಿಸಿದ್ರು. ಓನರೇ ಓಡಿಸ್ತಿರ್ತಾನೆ ಅಂತ ಊಹಿಸೋದು ಸಮಂಜಸವೇ ಅಂತ ಎಂಟು ನ್ಯಾಯಮೂರ್ತಿಗಳು ಹೇಳಿದ್ರು, ಒಬ್ಬರು ಒಪ್ಪಲಿಲ್ಲ. ಆದ್ರೆ ನನಗೆ ಈ ತೀರ್ಪಲ್ಲಿ ಮುಖ್ಯ ಅನ್ಸಿದ್ದು ನ್ಯಾಯಮೂರ್ತಿ ಎಲೆನಾ ಕೇಗನ್ ಬೇರೆಯಾಗಿ ಬರೆದ ಪುಟಗಳು. ಅವರು ತೀರ್ಪಿಗೆ ಒಪ್ಪಿದ್ರು, ಒಪ್ಪಿದ್ದಕ್ಕೆ ಕೊಟ್ಟ ಕಾರಣ ಏನಂದ್ರೆ ಕ್ಯಾನ್ಸಸಲ್ಲಿ ಲೈಸೆನ್ಸ್ ರದ್ದಾಗೋದು ಗಂಭೀರ ಅಥವಾ ಪದೇ ಪದೇ ಮಾಡಿದ ತಪ್ಪಿಗೆ, ಅಂಥವನು ಮತ್ತೆ ಕಾನೂನು ಮುರೀತಿರಬಹುದು ಅಂತ ಅನ್ಸೋದು ಸಹಜ. ಬರೀ ಸಸ್ಪೆಂಡ್ ಆಗಿದ್ದಿದ್ರೆ ತನ್ನ ಅಭಿಪ್ರಾಯ ಬೇರೆ ಇರ್ತಿತ್ತು, ಯಾಕಂದ್ರೆ ಪಾರ್ಕಿಂಗ್ ಫೈನ್, ಕೋರ್ಟ್ ಫೀ, ಜೀವನಾಂಶ ಕಟ್ಟದ್ದಕ್ಕೆಲ್ಲಾ ಸಸ್ಪೆಂಡ್ ಮಾಡ್ತಾರೆ, ಅದರಿಂದ ಆ ಮನುಷ್ಯ ನಿಯಮ ಮುರಿಯೋ ಡ್ರೈವರ್ ಅಂತ ಏನೂ ಗೊತ್ತಾಗಲ್ಲ ಅಂತ. ಓದಿದಾಗ ಟೇಬಲ್ ಕುಟ್ಟಬೇಕು ಅನ್ಸಿತು. ಈ ವ್ಯತ್ಯಾಸ ಕಾನೂನಿನ ಒಳಗೇ ಇರ್ಬೇಕಿತ್ತು, ತೀರ್ಪಿನ ಬಾಲದಲ್ಲಲ್ಲ.

ಈಗ ಫೈನ್ ಕಟ್ಟಿದ್ರಾಯ್ತು ಅನ್ನೋರಿಗೆ ನಿಜವಾಗ್ಲೂ ಭಯ ಆಗಬೇಕಾದ ಜಾಗಕ್ಕೆ ಬರ್ತೀನಿ, ಇನ್ಶೂರೆನ್ಸ್. ಪಾಲಿಸಿ ಚಾಲ್ತೀಲಿದೆ, ಪ್ರೀಮಿಯಂ ಕಟ್ಟಿದೀವಿ, ಮತ್ತೇನು ಅಂತ ಕೇಳ್ತಾರೆ. ಭಾರತದ ಕಾಯ್ದೇಲಿ ಇನ್ಶೂರೆನ್ಸ್ ಕಂಪನಿ ಎತ್ತಬಹುದಾದ ತಕರಾರುಗಳು ಕೆಲವೇ ಕೆಲವು, ಅದರಲ್ಲಿ ಒಂದು, ಅನರ್ಹತೆಯ ಅವಧಿಯಲ್ಲಿದ್ದ ವ್ಯಕ್ತಿ ಓಡಿಸ್ತಿದ್ದ ಅನ್ನೋದು. 2004ರಲ್ಲಿ ಸ್ವರಣ್ ಸಿಂಗ್ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನ ವಿವರವಾಗಿ ನೋಡಿತು. ಬರೀ ಲೈಸೆನ್ಸ್ ಸರಿ ಇರಲಿಲ್ಲ ಅಂದ್ರೆ ಸಾಲದು, ಗಾಡಿ ಓನರ್ ಗೊತ್ತಿದ್ದೂ ಅಥವಾ ಅಜಾಗರೂಕತೆಯಿಂದ ಷರತ್ತು ಮುರಿದ್ರು ಅಂತ ಕಂಪನಿಯೇ ಸಾಬೀತು ಮಾಡ್ಬೇಕು, ಸಾಬೀತು ಮಾಡಿದ್ರೂ ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಳಲಿ ಅಂತ ಅಪಘಾತದ ಪರಿಹಾರ ತೀರ್ಮಾನ ಮಾಡೋ ಟ್ರಿಬ್ಯುನಲ್ ಹೇಳಬಹುದು. ಆಸ್ಪತ್ರೇಲಿ ಬಿದ್ದಿರೋರಿಗೆ ಇದು ದೊಡ್ಡ ರಕ್ಷಣೆ. ಆದ್ರೆ ಓಡಿಸಿದವರ ಕಡೆಯಿಂದ ನೋಡಿ. ಸಸ್ಪೆಂಡ್ ಆಗಿದೆ ಅಂತ ಗೊತ್ತಿದ್ದೂ ತನ್ನದೇ ಗಾಡಿ ತಾನೇ ಓಡಿಸಿದವನು ಗೊತ್ತಿರಲಿಲ್ಲ ಅಂತ ಹೇಗೆ ಹೇಳ್ತಾನೆ? ಕಂಪನಿ ಕೊಟ್ಟ ದುಡ್ಡು ಸಾಲದ ಥರ ಅವನ ಬೆನ್ನು ಬೀಳತ್ತೆ, ಸಾವು ನೋವಿನ ಪರಿಹಾರ ಅಂದ್ರೆ ಹತ್ತು ಸಾವಿರದ ಮಾತಲ್ಲ, ದುಡಿಯೋ ವಯಸ್ಸಿನವರು ಹೋಗಿಬಿಟ್ರೆ ಅವರ ಮುಂದಿನ ಸಂಪಾದನೆಯನ್ನೇ ಲೆಕ್ಕ ಹಾಕ್ತಾರೆ. ಇನ್ನು ತನ್ನ ಗಾಡಿಯ ಡ್ಯಾಮೇಜ್ ಕ್ಲೇಮ್? ಅದಕ್ಕೆ ಈ ಮೊದಲು ಕೊಡು ಆಮೇಲೆ ವಸೂಲಿ ಮಾಡು ಅನ್ನೋ ರಕ್ಷಣೆಯೇ ಇಲ್ಲ.

ಸಾವಾದ್ರೆ ಕ್ರಿಮಿನಲ್ ಕೇಸಿನ ತೂಕವೂ ಬದಲಾಗತ್ತೆ. ಇಂಗ್ಲೆಂಡಲ್ಲಿ ಲೈಸೆನ್ಸ್ ಅಥವಾ ಇನ್ಶೂರೆನ್ಸ್ ಇಲ್ಲದೇ ಓಡಿಸ್ತಿರುವಾಗ ಸಾವಿಗೆ ಕಾರಣ ಆದ್ರೆ ಅಂತ ಪ್ರತ್ಯೇಕ ಅಪರಾಧವೇ ಇತ್ತು. ಒಬ್ಬ ಮನುಷ್ಯ ಇವೆರಡೂ ಸರಿ ಇಲ್ಲದೇ ಕ್ಯಾಂಪರ್ ವ್ಯಾನ್ ಓಡಿಸ್ತಿದ್ದ, ಓಡಿಸೋದ್ರಲ್ಲಿ ಏನೂ ತಪ್ಪಿರಲಿಲ್ಲ, ಎದುರಿಂದ ಹೆರಾಯಿನ್ ನಶೆಯಲ್ಲಿದ್ದವನೊಬ್ಬ ರಸ್ತೆಯ ಈ ಬದಿಗೆ ಬಂದು ಗುದ್ದಿ ಸತ್ತ. ಕೇಸ್ ಬಿದ್ದಿದ್ದು ವ್ಯಾನಿನವನ ಮೇಲೆ! 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬರೀ ರಸ್ತೆ ಮೇಲೆ ಇದ್ದ ಅನ್ನೋದು ಸಾವಿಗೆ ಕಾರಣ ಅಲ್ಲ, ಓಡಿಸೋದ್ರಲ್ಲಿ ಏನಾದ್ರೂ ದೋಷ ಇರ್ಬೇಕು ಅಂತ ಹೇಳಿ ಅವನನ್ನ ಬಿಡಿಸಿತು. ಎರಡು ವರ್ಷ ಆದ್ಮೇಲೆ ಕೋರ್ಟ್ ಬ್ಯಾನ್ ಇದ್ದಾಗ ಓಡಿಸಿ ಸಾವು ತಂದವರಿಗೇ ಅಂತ ಬೇರೆ ಸೆಕ್ಷನ್ ತಂದ್ರು, 10 ವರ್ಷದವರೆಗೆ ಶಿಕ್ಷೆ. ಬ್ಯಾನ್ ಆದವನನ್ನೂ ಪೇಪರ್ ಸರಿ ಇಲ್ಲದವನನ್ನೂ ಬೇರೆ ಬೇರೆ ತಕ್ಕಡೀಲಿ ತೂಗಿದ್ದು ನನಗೆ ಇಷ್ಟ ಆಯ್ತು.

ಗಾಡಿ ಕೊಟ್ಟೋರೂ ಬಚಾವಾಗಲ್ಲ. ಲೈಸೆನ್ಸ್ ಇಲ್ಲದವರಿಗೆ ಓಡಿಸೋಕೆ ಬಿಟ್ಟ ಓನರಿಗೆ ಭಾರತದಲ್ಲಿ ಸೆಕ್ಷನ್ 180, 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಜರ್ಮನಿಯಲ್ಲಂತೂ ಓಡಿಸಿದವನಿಗೂ ಬಿಟ್ಟವನಿಗೂ ಒಂದೇ ಶಿಕ್ಷೆ, ಗಾಡಿಯನ್ನೇ ಮುಟ್ಟುಗೋಲು ಹಾಕ್ಕೊಳ್ಳೋ ಅವಕಾಶವೂ ಇದೆ. ಅಣ್ಣ ಕೇಳಿದ, ಭಾವ ಕೇಳಿದ್ರು, ಇಲ್ಲ ಅನ್ನೋಕಾಗಲ್ಲ ಅಂತ ಕೀ ಕೊಡೋರು ಇದನ್ನೊಂದು ಸಲ ನೆನಪಿಸ್ಕೊಂಡ್ರೆ ಸಾಕು.

ಅವಧಿ ಮುಗಿದ ದಿನದ ಬಗ್ಗೆ ಹೇಳ್ಬೇಕು, ಎಷ್ಟೋ ಜನ ಎಡವೋದು ಇಲ್ಲೇ. ಮೂರು ತಿಂಗಳು ಕ್ಯಾಲೆಂಡರಲ್ಲಿ ಎಣಿಸಿ ಮಾರನೇ ಬೆಳಿಗ್ಗೆ ಹೊರಟುಬಿಡ್ತಾರೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅವಧಿ ಮುಗಿದ್ರೂ ಫೀ ಕಟ್ಟಿ ಮರುಚಾಲನೆ ಮಾಡಿಸ್ಕೊಳ್ಳೋ ತನಕ ಸಸ್ಪೆನ್ಷನ್ ಮುಂದುವರೆದೇ ಇರತ್ತೆ. ಇಂಗ್ಲೆಂಡಲ್ಲಿ 56 ದಿನ ಅಥವಾ ಅದಕ್ಕಿಂತ ಹೆಚ್ಚಿನ ಬ್ಯಾನ್ ಆಗಿದ್ರೆ ಹೊಸ ಲೈಸೆನ್ಸಿಗೆ ಅರ್ಜಿ ಹಾಕಲೇಬೇಕು, ಕುಡಿದು ಓಡಿಸಿ ಹೈ ರಿಸ್ಕ್ ಪಟ್ಟೀಲಿ ಬಂದವರಿಗೆ ಮೆಡಿಕಲ್ ಪರೀಕ್ಷೆ ಬೇರೆ. ಭಾರತದಲ್ಲಿ 2019ರ ತಿದ್ದುಪಡಿ ಪ್ರಕಾರ ರಿಫ್ರೆಶರ್ ಟ್ರೇನಿಂಗ್ ಮುಗಿಸಿದ ಮೇಲೆ ಲೈಸೆನ್ಸ್ ವಾಪಸ್ ಅಂತಿದೆ.

ಕೆಲಸಕ್ಕೆ ಹೋಗೋಕೆ ಬೇರೆ ದಾರಿಯೇ ಇಲ್ಲದವರ ಕಥೆ ಏನು ಅಂದ್ರೆ, ಕೆಲವು ಕಡೆ ಕಾನೂನು ಅದಕ್ಕೂ ಒಂದು ಕಿಂಡಿ ಬಿಟ್ಟಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೆಲಸಕ್ಕೆ, ಆಸ್ಪತ್ರೆಗೆ, ಮಕ್ಕಳ ಸ್ಕೂಲಿಗೆ ಅಂತ ಮಾತ್ರ ಓಡಿಸೋಕೆ ಸೀಮಿತ ಲೈಸೆನ್ಸ್ ಕೊಡ್ತಾರೆ, ಕುಡಿದ ಕೇಸಾದ್ರೆ ಊದಿ ತೋರಿಸದ ಹೊರತು ಸ್ಟಾರ್ಟೇ ಆಗದ ಇಂಟರ್‌ಲಾಕ್ ಗಾಡಿಗೆ ಹಾಕಿಸ್ತಾರೆ. ಇಂಗ್ಲೆಂಡಲ್ಲಿ 12 ಪಾಯಿಂಟ್ ತುಂಬಿ ಬ್ಯಾನಿನ ಅಂಚಲ್ಲಿರೋರು ಅಸಾಧಾರಣ ಕಷ್ಟ ಆಗತ್ತೆ ಅಂತ ಕೋರ್ಟಿಗೆ ಮನವರಿಕೆ ಮಾಡಿದ್ರೆ ತಪ್ಪಿಸ್ಕೊಬಹುದು, ಅದೇ ಕಾರಣವನ್ನ ಮೂರು ವರ್ಷದೊಳಗೆ ಮತ್ತೆ ಹೇಳೋ ಹಾಗಿಲ್ಲ. ಆ ಇಂಟರ್‌ಲಾಕ್ ನನಗೆ ತುಂಬ ಹಿಡಿಸಿದ ಐಡಿಯಾ, ಇಷ್ಟೂ ಶಿಕ್ಷೆಗಳ ಪಟ್ಟೀಲಿ ಇಂಜಿನ್ನಿಗೆ ನೇರವಾಗಿ ಬೇಡ ಅಂತ ಹೇಳೋದು ಅದೊಂದೇ. ಭಾರತದಲ್ಲಿ ಸೀಮಿತ ಲೈಸೆನ್ಸ್ ಥರದ್ದು ಬಂದ್ರೆ ಮೊದಲು ಸಿಗಬೇಕಾದ್ದು ಆ ಹೆಲ್ಮೆಟ್ ಕೇಸಿನವರಿಗೆ, ಬೈಕ್ ಮೇಲೆ ಡೆಲಿವರಿ ಮಾಡಿ ದಿನದ ದುಡಿಮೆ ನೋಡೋರಿಗೆ. ಕುಡಿದು ಎರಡನೇ ಸಲ ಸಿಕ್ಕವನು ಬಸ್ಸಲ್ಲೇ ಓಡಾಡಲಿ ಬಿಡಿ.